ಕಸಿಯ ನಂತರ ಯಾವ ‘ಶಕ್ತಿ’ ಬೇಕು?

ಕಿಡ್ನಿಯನ್ನೋ ಲಿವರನ್ನೋ ಕಸಿ ಮಾಡಿಸಿಕೊಂಡು ಮನೆಗೆ ಮರಳಿದವರಿಗೆ ಬಂಧುಗಳು ಪ್ರೀತಿಯಿಂದ ಹೇಳುವ ಮೊದಲ ಮಾತು, ರೋಗನಿರೋಧಕ ಶಕ್ತಿ ಹೆಚ್ಚಿಸುವಂಥದ್ದೇನಾದರೂ ತೆಗೆದುಕೊಳ್ಳಿ ಎಂಬುದು. ಉಳಿದವರಿಗೆ ಹಿತವೆನಿಸುವ ಈ ಸಲಹೆ ಇವರ ಪಾಲಿಗೆ ಅಪಾಯಕಾರಿ. ಹೊಸ ಅಂಗವನ್ನು ದೇಹ ಪರಕೀಯವೆಂದು ತಿರಸ್ಕರಿಸದಿರಲಿ ಎಂದೇ ಟ್ಯಾಕ್ರೊಲಿಮಸ್, ಸೈಕ್ಲೊಸ್ಪೊರಿನ್‌ನಂಥ ಔಷಧಿಗಳು ಆ ಶಕ್ತಿಯನ್ನು ಬೇಕೆಂತಲೇ ತಗ್ಗಿಸುತ್ತವೆ. ರಕ್ತದಲ್ಲಿ ಅವುಗಳ ಮಟ್ಟ ಕುಸಿದರೆ ಅಂಗಕ್ಕೆ ಕುತ್ತು, ಏರಿದರೆ ಕಿಡ್ನಿಗೇ ವಿಷ. ಕರುಳು ಮತ್ತು ಲಿವರಿನ ಕಿಣ್ವಗಳು ಈ ಔಷಧಿಗಳನ್ನು ಒಡೆಯುವುದರಿಂದ, ಆ ಕಿಣ್ವಗಳನ್ನು ಕೆಣಕುವ ಯಾವುದೇ ಪದಾರ್ಥ ಮಟ್ಟವನ್ನು ಏರುಪೇರು ಮಾಡಬಲ್ಲದು. ಖಿನ್ನತೆಗೆಂದು ಮಾರುವ ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆಯನ್ನು ಸೇವಿಸಿದ ಜ್ಯೂರಿಕ್‌ನ ಇಬ್ಬರು ಹೃದಯ ಕಸಿ ರೋಗಿಗಳಲ್ಲಿ ಸೈಕ್ಲೊಸ್ಪೊರಿನ್ ಮಟ್ಟ ಇಳಿದು, ದೇಹ ಹೊಸ ಹೃದಯದ ಮೇಲೆ ತಿರುಗಿಬಿದ್ದದ್ದು 2000ದಲ್ಲಿ ವರದಿಯಾಯಿತು. ಹೆಸರಿನಲ್ಲಿ ದ್ರಾಕ್ಷಿಯಿದ್ದರೂ ಚಕ್ಕೋತದ ಬಳಗಕ್ಕೆ ಸೇರಿದ ಗ್ರೇಪ್‌ಫ್ರೂಟ್ ಇದಕ್ಕೆ ವಿರುದ್ಧವಾಗಿ ಮಟ್ಟವನ್ನು ಏರಿಸುತ್ತದೆ. ನಮ್ಮ ಚಕ್ಕೋತವನ್ನೂ ವೈದ್ಯರು ಬೇಡವೆನ್ನುವುದು ಅದಕ್ಕೇ. ರೋಗನಿರೋಧಕ ಶಕ್ತಿಗೆಂದು ಕೋವಿಡ್ ಕಾಲದಲ್ಲಿ ಮನೆಮನೆಯಲ್ಲೂ ಕುಡಿದ ಅಮೃತಬಳ್ಳಿಯಿಂದ ಕೆಲವರ ಲಿವರ್ ಕೆಟ್ಟದ್ದನ್ನು ಭಾರತದ ವೈದ್ಯರೇ ದಾಖಲಿಸಿದ್ದಾರೆ.

ಹಾಗಾದರೆ ಸಾರಿಗೆ ಹಾಕುವ ಅರಿಶಿನವೂ ಬೇಡವೇ ಎಂದು ಯಾರಾದರೂ ಕೇಳಬಹುದು. ಅಡುಗೆಯ ಚಿಟಿಕೆ ಬೇರೆ, ಅದರ ಸಾರವನ್ನು ಹಿಂಡಿ ತುಂಬಿದ ಕ್ಯಾಪ್ಸೂಲ್ ಬೇರೆ; ಭಯ ಎರಡನೆಯದರ ಬಗ್ಗೆ. ವೈದ್ಯರೇ ವಿಟಮಿನ್ ಡಿ, ಕ್ಯಾಲ್ಸಿಯಂ ಬರೆದುಕೊಡುತ್ತಾರಲ್ಲ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ನಿಜ, ಕಸಿಯ ನಂತರ ಕೊಡುವ ಸ್ಟೀರಾಯ್ಡ್ ಮೂಳೆಯನ್ನು ಸವೆಸುತ್ತದೆ, ಟ್ಯಾಕ್ರೊಲಿಮಸ್ ಮೆಗ್ನೀಸಿಯಂ ಅನ್ನು ಮೂತ್ರದಲ್ಲಿ ಹೊರಹಾಕಿಸುತ್ತದೆ, ಶಸ್ತ್ರಚಿಕಿತ್ಸೆಯ ಗಾಯ ಮಾಯಲು ಪ್ರೋಟೀನ್ ಹೆಚ್ಚು ಬೇಕು. ಆದರೆ ಅಲ್ಲಿ ಕೊಡುವುದು ಪರೀಕ್ಷೆಯಲ್ಲಿ ಕಂಡ ಕೊರತೆಗೆ, ಅಥವಾ ಔಷಧಿಯಿಂದ ಆಗುವುದೆಂದು ಗೊತ್ತಿರುವ ನಷ್ಟಕ್ಕೆ, ಅಳತೆ ಹಾಕಿ. ಅದೇ ಮೆಗ್ನೀಸಿಯಂ ಇರುವ ಆಂಟಾಸಿಡ್ ಅನ್ನು, ಕಸಿಯವರಿಗೆ ಕೊಡುವ ಇನ್ನೊಂದು ಔಷಧಿಯಾದ ಮೈಕೊಫೆನೊಲೇಟ್ ಜೊತೆಗೇ ನುಂಗಿದರೆ ಆ ಔಷಧಿ ಸರಿಯಾಗಿ ಮೈಗೆ ಹತ್ತುವುದಿಲ್ಲ. ಪ್ರೋಟೀನ್ ಕೂಡ ಬೇಳೆ, ಮೊಟ್ಟೆ, ಮೊಸರಿನಿಂದ ಸಾಲುವಷ್ಟು ಬರುತ್ತಿದ್ದರೆ ಡಬ್ಬಿಯ ಪುಡಿ ಯಾಕೆ? ಜಿಮ್‌ನವರ ಕ್ರಿಯೇಟಿನ್ ಅಂತೂ ರಕ್ತದ ಕ್ರಿಯೇಟಿನಿನ್ ಅನ್ನು ಏರಿಸಿ, ಕಿಡ್ನಿ ಸೋಲುತ್ತಿದೆಯೋ ಎಂಬ ಸುಳ್ಳು ಗಾಬರಿ ಹುಟ್ಟಿಸಬಲ್ಲದು.

ಇದರಲ್ಲಿ ರೋಗಿಯನ್ನಷ್ಟೇ ದೂರುವುದು ಅನ್ಯಾಯ. ಮೂಲಿಕೆ ಸೇವಿಸುತ್ತಿರುವುದನ್ನು ಬೈಯುತ್ತಾರೆಂದು ಅವರು ಹೇಳುವುದಿಲ್ಲ, ಹೊತ್ತಿಲ್ಲವೆಂದು ವೈದ್ಯರು ಕೇಳುವುದಿಲ್ಲ. ಕಾರಣ ಕಾಣದೆ ಟ್ಯಾಕ್ರೊಲಿಮಸ್ ಮಟ್ಟ ಇಳಿದಾಗ ವೈದ್ಯರು ಡೋಸ್ ಏರಿಸುತ್ತಾರೆ. ಮುಂದೊಂದು ದಿನ ರೋಗಿ ಆ ಮೂಲಿಕೆಯನ್ನು ತಾನಾಗಿಯೇ ಬಿಟ್ಟಾಗ, ಏರಿಸಿದ ಡೋಸೇ ಕಿಡ್ನಿಗೆ ಹೊಡೆತವಾಗುತ್ತದೆ. ಆದ್ದರಿಂದ ಮಾತ್ರೆಗಳ ಚೀಟಿ ನೋಡುವಾಗಲೆಲ್ಲ, ಬೇರೆ ಏನೇನು ತೆಗೆದುಕೊಳ್ಳುತ್ತಿದ್ದೀರಿ ಎಂದು ಗದರದೆ ಕೇಳುವ ಹೊಣೆ ವೈದ್ಯರದ್ದೇ.