ಮುಚ್ಚಳ ತೆಗೆಯದೆ ಬಿಸಿ ನೋಡುವ ಮಗಳು



ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯದೆ ಒಳಗಿನ ಇಡ್ಲಿ ಬೆಂದಿದೆಯೋ ಇಲ್ಲವೋ ಹೇಳಬಲ್ಲಿರಾ? ಹಬೆ ನೋಡಿ, ವಾಸನೆ ಹಿಡಿದು ಅಂದಾಜು ಮಾಡುತ್ತೇವೆ, ಅಷ್ಟೆ. ಖಾತ್ರಿಯಾಗಬೇಕಾದರೆ ಮುಚ್ಚಳ ತೆಗೆದು ಒದ್ದೆ ಬೆರಳು ಮುಟ್ಟಿಸಲೇಬೇಕು. ಮುಚ್ಚಳ ತೆಗೆಯದೆಯೇ ಒಳಗಿನ ಬಿಸಿ ಅಳೆಯುವ ಕೆಲಸವೊಂದಿದೆ. ಈ ಸಲ ಅದರ ಮಾತು.

ಇದಕ್ಕೆ ಕಾರಣ ಒಬ್ಬ ತಾಯಿಯ ಪತ್ರ. "ಮಗಳು ಪಿಎಚ್.ಡಿ. ಮುಗಿಸಿದಳು. ಈಗ ಅಮೆರಿಕದಲ್ಲಿ ಪೋಸ್ಟ್‌ಡಾಕ್ ಅಂತೆ. ಅರೆವಾಹಕ ಸಾಧನಗಳ ಕಾಂತೀಯ ಉಷ್ಣ ಚಿತ್ರಣ ಅಂತ ಏನೋ ಹೇಳ್ತಾಳೆ. ಮದುವೆಮನೆಯಲ್ಲಿ ಯಾರಾದರೂ 'ಇನ್ನೂ ಓದ್ತಾನೇ ಇದ್ದಾಳಾ?' ಅಂದರೆ ನನಗೆ ಬಾಯಿ ಕಟ್ಟಿದಂತಾಗುತ್ತೆ. ಅವಳ ಫೋನು ಬಂದರೆ ಊಟ ಆಯ್ತಾ ಅಂತ ಕೇಳಿ ಇಟ್ಟುಬಿಡ್ತೀನಿ" ಎಂದು ಬರೆದಿದ್ದಾರೆ.

ಮೊದಲು ಒಂದು ಮಾತು, ತಾಯೀ. ನಿಮ್ಮ ಮಗಳು ಓದುತ್ತಿಲ್ಲ, ದುಡಿಯುತ್ತಿದ್ದಾಳೆ. ಪೋಸ್ಟ್‌ಡಾಕ್ ಎಂದರೆ ಪರೀಕ್ಷೆ ಬರೆಯುವ ತರಗತಿಯಲ್ಲ, ಸಂಬಳಕ್ಕೆ ಮಾಡುವ ಸಂಶೋಧನೆ. ಸಾಮಾನ್ಯವಾಗಿ ಎರಡು ಮೂರು ವರ್ಷದ ಕರಾರು. ಅದು ಮುಗಿದ ಮೇಲೆ ಮುಂದೇನು ಎಂಬ ಚಿಂತೆ ನಿಮಗಿಂತ ಅವಳಿಗೇ ಹೆಚ್ಚು.

ಇನ್ನು ಅವಳ ಕೆಲಸ. ಮೊಬೈಲಿನಲ್ಲಿ ಬಹಳ ಹೊತ್ತು ವಿಡಿಯೋ ನೋಡಿದರೆ ಅದರ ಬೆನ್ನು ಬೆಚ್ಚಗಾಗುತ್ತದಲ್ಲವೇ? ಒಳಗಿನ ಚಿಪ್‌ನಲ್ಲಿ ನೂರಾರು ಕೋಟಿ ಟ್ರಾನ್ಸಿಸ್ಟರುಗಳಿವೆ. ಯಾವುದೋ ಮೂಲೆಯಲ್ಲಿ ಬಿಸಿ ಕಟ್ಟಿಕೊಂಡರೆ ಚಿಪ್‌ನ ಆಯುಸ್ಸು ಕುಗ್ಗುತ್ತದೆ. ಆ ಮೂಲೆಯನ್ನು ಹುಡುಕಬೇಕು. ಬಿಸಿ ತೋರಿಸುವ ಇನ್‌ಫ್ರಾರೆಡ್ ಕ್ಯಾಮೆರಾ ಉಂಟು, ಆದರೆ ಅದಕ್ಕೆ ಕಾಣುವುದು ಹೊರಮೈ. ಹೊಳೆಯುವ ಲೋಹ ಕಂಡರೆ ಮೋಸಹೋಗಿ, ಬಿಸಿಯಿದ್ದರೂ ತಣ್ಣಗಿದೆ ಅನ್ನುತ್ತೆ. ಚಿಪ್ ಆದರೋ ಚಿರೋಟಿಯ ಹಾಗೆ ಪದರದ ಮೇಲೆ ಪದರ!

ಇಲ್ಲಿ ನೆರವಿಗೆ ಬರುವುದು ಅಯಸ್ಕಾಂತ. ಬಿಸಿಯಾದಂತೆ ಅದರ ಶಕ್ತಿ ಕುಂದುತ್ತದೆ. 770 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕಬ್ಬಿಣ ಅಯಸ್ಕಾಂತಕ್ಕೆ ಅಂಟುವುದೇ ಇಲ್ಲ. ಮೇಡಂ ಕ್ಯೂರಿಯವರ ಪತಿ ಪಿಯರ್ ಕ್ಯೂರಿ 1895ರಲ್ಲಿ ಡಾಕ್ಟರೇಟ್ ಪಡೆದದ್ದು ಇದೇ ವಿಷಯಕ್ಕೆ. ಅವರಿಬ್ಬರ ಮದುವೆಯಾದದ್ದೂ ಅದೇ ವರ್ಷ.

ಕಣ್ಣಿಗೆ ಕಾಣದಷ್ಟು ಸಣ್ಣ ಕಾಂತೀಯ ಕಣಗಳನ್ನು ವಸ್ತುವಿನಲ್ಲಿ ಸೇರಿಸಿ, ಹೊರಗಿನಿಂದ ಕಾಂತಕ್ಷೇತ್ರವನ್ನು ಅತ್ತಿತ್ತ ತಿರುಗಿಸುತ್ತಾರೆ. ಡ್ರಿಲ್ ಮಾಸ್ತರರ ಸೀಟಿಗೆ ಮಕ್ಕಳು ತಿರುಗುವಂತೆ ಕಣಗಳೂ ತಿರುಗುತ್ತವೆ. ಬಿಸಿಯಿರುವ ಕಡೆ ಅವಕ್ಕೆ ಚಡಪಡಿಕೆ ಜಾಸ್ತಿ, ಸಾಲು ಕೆಡುತ್ತದೆ. ಎಷ್ಟು ಕೆಟ್ಟಿತು ಎಂದು ಅಳೆದರೆ ಎಷ್ಟು ಬಿಸಿ ಎಂದು ತಿಳಿಯುತ್ತದೆ. ಸಿಲಿಕಾನು, ಪ್ಲಾಸ್ಟಿಕ್ಕು ಅಡ್ಡವಿದ್ದರೂ ಕಾಂತಕ್ಷೇತ್ರ ದಾಟಿ ಹೋಗುತ್ತದೆ, ಮುಚ್ಚಳ ತೆಗೆಯಬೇಕಿಲ್ಲ.

ಅಮೆರಿಕದಲ್ಲಿ ಅಳತೆ-ಮಾನಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ನಿಸ್ಟ್. ಇಂಥ ಉಷ್ಣಮಾಪಕ ಕಟ್ಟುವ ಯೋಜನೆಯನ್ನು ಅದು 2020ರಲ್ಲಿ ಪ್ರಕಟಿಸಿತು. ಅವರಿಟ್ಟುಕೊಂಡ ಗುರಿ ಕೇಳಿ: ತಲೆಗೂದಲಿನ ದಪ್ಪದಷ್ಟು, ಅಂದರೆ 100 ಮೈಕ್ರೋಮೀಟರ್ ಅಗಲದ ಜಾಗದಲ್ಲಿ, ಒಂದು ಡಿಗ್ರಿಯ ನಲವತ್ತನೇ ಒಂದು ಪಾಲು ವ್ಯತ್ಯಾಸವನ್ನು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಹಿಡಿಯಬೇಕು! ಆದರೆ ಒಂದೊಂದು ಟ್ರಾನ್ಸಿಸ್ಟರು ಅದಕ್ಕಿಂತ ಸಾವಿರ ಪಾಲು ಸಣ್ಣದು. ದಾರಿ ಇನ್ನೂ ದೂರವಿದೆ. ನಿಮ್ಮ ಮಗಳಂಥವರು ಬೇಕಾಗಿರುವುದು ಅದಕ್ಕೇ.

ಮದುವೆಮನೆಯಲ್ಲಿ ಮತ್ತೆ ಯಾರಾದರೂ ಕೇಳಿದರೆ "ಓದ್ತಾ ಇಲ್ಲಮ್ಮ, ಕೆಲಸದಲ್ಲಿದ್ದಾಳೆ" ಅನ್ನಿ. ಇಡ್ಲಿ ಪಾತ್ರೆಯ ಕಥೆಯನ್ನೂ ಹೇಳಿ. ಅವಳ ಫೋನು ಬಂದಾಗ ಊಟದ ವಿಚಾರ ಆದ ಮೇಲೆ ಇನ್ನೊಂದು ಮಾತು ಸೇರಿಸಿ: "ಇವತ್ತು ಬಿಸಿ ಎಲ್ಲಿ ಕಾಣಿಸ್ತು, ಮಗಳೇ?" ಆಮೇಲೆ ಅವಳು ಎಷ್ಟು ಹೊತ್ತು ಮಾತಾಡಿದಳು ಅಂತ ನನಗೊಂದು ಕಾಗದ ಬರೆಯಿರಿ.