ಹೊತ್ತು ತರುವವರನ್ನೂ ನೆನೆಯೋಣ

ಶ್ರೀಮಂಗಲ ನಾಡಿನ ಬಂಧುಗಳೇ,

ಪುತ್ತರಿ ಮುಗಿದಿದೆ, ಕಾಫಿ ಕೊಯ್ಲು ಶುರುವಾಗಿದೆ, ಕ್ರಿಸ್‌ಮಸ್ ಹತ್ತಿರ ಬಂದಿದೆ. ಹೋರಾಡಿ ಮಡಿದ ಯೋಧರನ್ನು ಗೌರವಿಸುವುದನ್ನು ಕೊಡಗಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. 1965ರ ಯುದ್ಧದಲ್ಲಿ ಪ್ರಾಣ ಕೊಟ್ಟ ವಾಯುಪಡೆಯ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಹೆಸರು ನಮ್ಮ ಮಕ್ಕಳಿಗೂ ಗೊತ್ತು. ಅದೇ ವಾಯುಪಡೆಯಲ್ಲಿ ಅಕ್ಕಿ, ಔಷಧ, ಕಂಬಳಿ ಹೊತ್ತು ಹಾರುವವರಿದ್ದಾರೆ. ಸಿಕ್ಕಿಬಿದ್ದವರನ್ನು ಎತ್ತಿ ತರುವವರಿದ್ದಾರೆ. ಅವರ ಹೆಸರು ಹೇಳಿ ಎಂದರೆ ನಾವೆಲ್ಲ ತಡವರಿಸುತ್ತೇವೆ. ಈ ಹಬ್ಬದಲ್ಲಿ ಅವರನ್ನೂ ನೆನೆಯೋಣ ಎಂದು ಕೇಳಿಕೊಳ್ಳಲು ಈ ಪತ್ರ.

ಅನಾಹುತಕ್ಕೆ ಹಬ್ಬವೆಂಬ ದಾಕ್ಷಿಣ್ಯವಿಲ್ಲ. 2004ರ ಸುನಾಮಿ ಬಂದದ್ದು ಕ್ರಿಸ್‌ಮಸ್ಸಿನ ಮರುದಿನ ಬೆಳಿಗ್ಗೆ. ಕಾರ್ ನಿಕೋಬಾರ್ ದ್ವೀಪದ ವಾಯುನೆಲೆಯೇ ನೀರುಪಾಲಾಯಿತು. ವಾಯುಪಡೆಯ ಸಿಬ್ಬಂದಿ ಮತ್ತು ಅವರ ಮನೆಯವರು ಸೇರಿ ನೂರಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಬದುಕುಳಿದ ಹೆಲಿಕಾಪ್ಟರ್ ಪೈಲಟ್‌ಗಳು ಸ್ವಂತ ದುಃಖವನ್ನು ಬದಿಗಿಟ್ಟು ಉಳಿದವರನ್ನು ಎತ್ತಲು ಹೊರಟರು.

2013ರ ಜೂನ್ 25ರಂದು ಉತ್ತರಾಖಂಡದ ಪ್ರವಾಹದಲ್ಲಿ ಜನರ ರಕ್ಷಣೆಗೆ ತೊಡಗಿದ್ದ ಎಂಐ-17 ಹೆಲಿಕಾಪ್ಟರ್ ಕೇದಾರನಾಥದಿಂದ ಮರಳುವಾಗ ಗೌರಿಕುಂಡದ ಬಳಿ ಬಿತ್ತು. ಅದರಲ್ಲಿದ್ದ 20 ಮಂದಿಯೂ ಮಡಿದರು. ಅದನ್ನು ಹಾರಿಸುತ್ತಿದ್ದವರು ಮಂಗಳೂರು ಮೂಲದ ವಿಂಗ್ ಕಮಾಂಡರ್ ಡ್ಯಾರಿಲ್ ಕ್ಯಾಸ್ತೆಲಿನೊ.

ನಮ್ಮ ಕಾವೇರಿಯ ಹೆಸರಿನಲ್ಲೇ ಒಂದು ಕಾರ್ಯಾಚರಣೆ ನಡೆದಿದೆ. 2023ರ ಏಪ್ರಿಲ್‌ನಲ್ಲಿ ಸುಡಾನ್ ಅಂತರ್ಯುದ್ಧದಲ್ಲಿ ಹೊತ್ತಿ ಉರಿಯುವಾಗ, ವಾಯುಪಡೆಯವರು ಖಾರ್ಟೂಮ್ ಬಳಿಯ ವಾದಿ ಸಯ್ಯಿದ್ನಾದಲ್ಲಿ ದೀಪವಿಲ್ಲದ ರನ್‌ವೇ ಮೇಲೆ ರಾತ್ರಿ ವಿಮಾನ ಇಳಿಸಿ 121 ಜನರನ್ನು ಕರೆತಂದರು. ಆಪರೇಷನ್ ಕಾವೇರಿಯಲ್ಲಿ ಊರಿಗೆ ಮರಳಿದವರಲ್ಲಿ ನಮ್ಮ ರಾಜ್ಯದ ಹಕ್ಕಿಪಿಕ್ಕಿ ಜನರೂ ಇದ್ದರು.

ಇನ್ನು ಬ್ರಹ್ಮಗಿರಿಯ ಆಚೆ ಮಗ್ಗುಲಿನ ವಯನಾಡು. 2024ರ ಜುಲೈ 30ರಂದು ಭೂಕುಸಿತದಲ್ಲಿ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದಾಗ, ಜೋಡಿಸಿ ನಿಲ್ಲಿಸುವ ಬೈಲಿ ಸೇತುವೆಯ ಬಿಡಿಭಾಗಗಳು ವಾಯುಪಡೆಯ ವಿಮಾನದಲ್ಲಿ ಕಣ್ಣೂರಿಗೆ ಬಂದಿಳಿದವು. 2018ರಲ್ಲಿ ಕೊಡಗಿನಲ್ಲೇ ಗುಡ್ಡ ಕುಸಿದು ದಾರಿ ಕಡಿದುಹೋದ ಊರುಗಳನ್ನು ಕಂಡ ನಮಗೆ ಅಂಥ ಸೇತುವೆಯ ಬೆಲೆ ಗೊತ್ತು.

ಆದ್ದರಿಂದ ಮೂರು ಕೋರಿಕೆ. ಚರ್ಚುಗಳ ಹಿರಿಯರೇ, ಕ್ರಿಸ್‌ಮಸ್ ರಾತ್ರಿಯ ಪ್ರಾರ್ಥನೆಯಲ್ಲಿ ಪರಿಹಾರ ಹೊತ್ತು ಹಾರುವವರಿಗಾಗಿ ಒಂದು ಮಾತು ಸೇರಿಸಿ. ಪೈಲಟ್‌ ಜೊತೆಗೆ ಇಂಜಿನಿಯರ್‌, ಸಾಮಾನು ತುಂಬುವವರನ್ನೂ ನೆನೆಯಿರಿ. ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನದ ನಿಧಿಗೆ ಕೊಡದೆ ಉಳಿದವರು ಮಡಿಕೇರಿಯ ಸೈನಿಕ ಕಲ್ಯಾಣ ಕಚೇರಿಗೆ ಕೈಲಾದಷ್ಟು ತಲುಪಿಸಿ. ಮಡಿದವರ ಮಡದಿ ಮಕ್ಕಳಿಗೂ ಮಾಜಿ ಸೈನಿಕರಿಗೂ ಅದು ನೆರವಾಗುತ್ತದೆ. ಕ್ಯಾರಲ್ ಹಾಡುತ್ತ ಹೊರಡುವ ಹುಡುಗರೇ, ರಜೆ ಸಿಗದೆ ಮಗನೋ ಮಗಳೋ ಪಡೆಯಲ್ಲೇ ಉಳಿದ ಮನೆ ಯಾವ ಜಾತಿ, ಯಾವ ಧರ್ಮದ್ದಾದರೂ ಸರಿ, ಅಲ್ಲಿಗೂ ಹೋಗಿ. ಕೇಕ್ ಕೊಟ್ಟು, ಕುಳಿತು, ಮಕ್ಕಳ ಸುದ್ದಿ ಕೇಳಿ. ಈ ವರ್ಷ ರೂಢಿಯಾದರೆ ಮುಂದಿನ ವರ್ಷ ಇಂಥ ಪತ್ರದ ಅಗತ್ಯವೇ ಇರದು.