ಸ್ಕೂಲಿನ ಕತೆ ಅಂದ್ರೆ ಬರೀ ನೆನಪಲ್ಲ, ಸ್ವಾಮಿ

“ಅಪ್ಪಾ, ನೀನು ಸ್ಕೂಲಲ್ಲಿ ಯಾವ ಹೌಸು?” ಅಂತ ಮೊನ್ನೆ ಮಗಳು ಕೇಳಿದಳು. ಒಂಬತ್ತು ವರ್ಷ. ಕೈಯಲ್ಲಿ ಎನಿಡ್ ಬ್ಲೈಟನ್ ಬರೆದ ‘ಮ್ಯಾಲರಿ ಟವರ್ಸ್’.

“ನಮ್ ಸ್ಕೂಲೇ ಒಂದು ಹೌಸು ಕಣಮ್ಮ” ಅಂದೆ. ಸುಳ್ಳಲ್ಲ. ತಿಪಟೂರು ಸೀಮೆಯ ನಮ್ಮೂರಿನ ಶಾಲೆಗೆ ಇದ್ದದ್ದು ಒಂದೇ ಕೋಣೆ. ನಾಲ್ಕು ಕ್ಲಾಸು, ಒಬ್ಬರೇ ಮೇಷ್ಟ್ರು. ಮಳೆ ಬಂದು ಹೆಂಚು ಸೋರಿದರೆ ನಾಲ್ಕೂ ಕ್ಲಾಸು ಮಾರಮ್ಮನ ಗುಡಿ ಜಗುಲಿಗೆ ಶಿಫ್ಟು. ಮಗಳು ಬಿದ್ದು ಬಿದ್ದು ನಕ್ಕಳು. ಆಮೇಲೆ ಕೇಳಿದಳು: “ಅದರ ಬುಕ್ಕು ಇದ್ಯಾ?”

ಬರೆದದ್ದೇನೋ ಬೇಕಾದಷ್ಟಿದೆ. ಮೇಷ್ಟ್ರ ಬೆತ್ತ, ತೊಂಡೆ ಎಲೆಯಲ್ಲಿ ಒರೆಸಿದ ಸ್ಲೇಟು, ಕಾಗೆ ಎಂಜಲು ಮಾಡಿ ಹಂಚಿಕೊಂಡ ಪೆಪ್ಪರಮಿಂಟು. ಹಳ್ಳಿ ಬಿಟ್ಟು ಬಂದ ನಾವು ಇಂಜಿನಿಯರುಗಳು ವೀಕೆಂಡ್ ಬಂತೆಂದರೆ ಇದನ್ನೇ ಬರೆಯುತ್ತೇವೆ. ನಾನೂ ಬರೆದಿದ್ದೇನೆ, ಲೈಕೂ ಸಿಕ್ಕಿದೆ. ಆದರೆ ಅದೆಲ್ಲ ದೊಡ್ಡವರು ದೊಡ್ಡವರಿಗೆ ಬರೆದುಕೊಂಡದ್ದು. “ಆ ಕಾಲ ಎಷ್ಟು ಚೆಂದ” ಅನ್ನೋ ನಿಟ್ಟುಸಿರು ಇಟ್ಟುಕೊಂಡು ಮಗು ಏನು ಮಾಡಬೇಕು? ಅದಕ್ಕೆ ನಾಳೆ ಬೆಳಿಗ್ಗೆ ಸ್ಕೂಲಿಗೆ ಹೋಗೋದಿದೆ.

ಇಂಗ್ಲಿಷಿನವರು ಈ ವಿಷಯದಲ್ಲಿ ಜಾಣರು. 1749ರಲ್ಲೇ ಸಾರಾ ಫೀಲ್ಡಿಂಗ್ ಅನ್ನೋ ಹೆಣ್ಣುಮಗಳು ‘ದಿ ಗವರ್ನೆಸ್’ ಬರೆದಳು. ಒಂಬತ್ತು ಹುಡುಗಿಯರ ಪುಟ್ಟ ಶಾಲೆ. ಕತೆ ಶುರುವಾಗೋದೇ ಜಗಳದಿಂದ: ಬುಟ್ಟಿಯಲ್ಲಿರೋ ದೊಡ್ಡ ಸೇಬು ಯಾರಿಗೆ ಅಂತ. 1857ರಲ್ಲಿ ಥಾಮಸ್ ಹ್ಯೂಸ್, ತಾನು ಓದಿದ ರಗ್ಬಿ ಶಾಲೆಯನ್ನೇ ಇಟ್ಟುಕೊಂಡು ‘ಟಾಮ್ ಬ್ರೌನ್ಸ್ ಸ್ಕೂಲ್ ಡೇಸ್’ ಬರೆದ. ಹೊಸ ಹುಡುಗ, ಜೀವದ ಗೆಳೆಯ, ಚಿಕ್ಕವರನ್ನು ಗೋಳುಹುಯ್ಯುವ ಫ್ಲ್ಯಾಶ್‌ಮನ್, ಆಟದ ಮೈದಾನ, ಮೇಲೊಬ್ಬ ಗಂಭೀರ ಹೆಡ್‌ಮಾಸ್ಟರ್. 1997ರಲ್ಲಿ ಬಂದ ಹ್ಯಾರಿ ಪಾಟರನ ಮಂತ್ರದಂಡ ಕಿತ್ತುಕೊಂಡು ನೋಡಿ, ಉಳಿಯೋದು ಹೆಚ್ಚೂಕಡಿಮೆ ಇಷ್ಟೇ.

ಇದೆಲ್ಲ ಶ್ರೀಮಂತರ ಬೋರ್ಡಿಂಗ್ ಸ್ಕೂಲಿನ ಶೋಕಿ ಅಂತ ನೀವು ಹೇಳಬಹುದು. ಜಾರ್ಜ್ ಆರ್ವೆಲ್ 1940ರಲ್ಲೇ ಹೇಳಿದ್ದಾನೆ. ಅಂಥ ಶಾಲೆಯ ಮೆಟ್ಟಿಲೂ ಹತ್ತದ ಬಡವರ ಮಕ್ಕಳು ಆ ವಾರಪತ್ರಿಕೆಗಳನ್ನು ಓದಿ ದೊಡ್ಡವರ ಮನೆಯ ಠೀವಿಗೆ ಮರುಳಾಗುತ್ತಾರೆ ಅನ್ನೋದು ಅವನ ಸಿಟ್ಟು. ಒಪ್ಪಿದೆ. ಸರ್ಜಾಪುರ ರಸ್ತೆಯ ಸ್ಕೂಲುಗಳ ಬ್ರೋಷರ್ ಹಿಡಿದು, ನಾಲ್ಕು ಹೌಸು, ನಾಲ್ಕು ಬಣ್ಣದ ಟೀ ಶರ್ಟು ನೋಡಿ ಮರುಳಾಗಿ ಇಎಂಐ ಲೆಕ್ಕ ಹಾಕೋ ನಾನೂ ನೀವೂ ಅದೇ ಜಾತಿ.

ಆದರೆ ಮಗಳು ಆ ಪುಸ್ತಕಕ್ಕೆ ಅಂಟಿಕೊಂಡಿರೋದು ಶೋಕಿಗಲ್ಲ. ಅದರಲ್ಲಿ ಡ್ಯಾರೆಲ್ ಅನ್ನೋ ಹುಡುಗಿಗೆ ಮೂಗಿನ ತುದಿಯಲ್ಲೇ ಕೋಪ. ಪುಕ್ಕಲು ಹುಡುಗಿಯೊಬ್ಬಳನ್ನು ನೀರಲ್ಲಿ ಅದುಮಿ ಹಿಡಿದವಳ ಮೇಲೆ ರೇಗಿ, ಕೈ ಮಾಡಿಬಿಡುತ್ತಾಳೆ. ಆಮೇಲೆ ಕ್ಷಮೆ ಕೇಳುತ್ತಾಳೆ. ಮನೆಯಲ್ಲಿ ತಪ್ಪು ಮಾಡಿದರೆ ಅಮ್ಮ ಬೈದು ಊಟಕ್ಕೆ ಕರೀತಾಳೆ, ಅಲ್ಲಿಗೆ ಮುಗೀತು. ನಮ್ಮವರಲ್ಲದವರ ನಡುವೆ ತಪ್ಪು ಮಾಡಿ, ನಾಳೆ ಮತ್ತೆ ಅದೇ ಬೆಂಚಿನಲ್ಲಿ ಅವರ ಪಕ್ಕ ಕೂರಬೇಕಾಗೋದು ಮೊದಲು ಸ್ಕೂಲಲ್ಲೇ. ಸ್ಕೂಲಿನ ಕತೆಯ ಸೆಳೆತ ಇರೋದೇ ಇಲ್ಲಿ. ನ್ಯಾಯ ಅನ್ಯಾಯ ಮಕ್ಕಳ ಕೈಯಲ್ಲಿರುತ್ತೆ.

ನಾನು ಮೂರನೇ ಕ್ಲಾಸಲ್ಲಿ ಮಾನಿಟರ್. ಮೇಷ್ಟ್ರು ಆಚೆ ಹೋದರೆ ಮಾತಾಡಿದವರ ಹೆಸರು ಬರೆಯೋ ಅಧಿಕಾರ. ಕೊಬ್ಬರಿ ಚೂರು ತಂದುಕೊಟ್ಟರೆ ಹೆಸರು ಬರೀತಿರಲಿಲ್ಲ. ಅದು ಲಂಚ ಅಂತ ಆಗ ಗೊತ್ತಿರಲಿಲ್ಲ. ಕೊನೇ ಸಾಲಿನಲ್ಲಿ ಒಬ್ಬ ಹುಡುಗ ಇದ್ದ. ಅವನಪ್ಪ ಬೇರೆಯವರ ತೋಟದಲ್ಲಿ ಕಾಯಿ ಸುಲಿಯೋರು, ಮನೇಲಿ ಕೊಬ್ಬರಿ ಇರಲಿಲ್ಲ. ಅವನು ಮಾತಾಡಲಿ ಬಿಡಲಿ, ಅವನ ಹೆಸರು ಪಟ್ಟಿಯಲ್ಲಿ ಇದ್ದೇ ಇರೋದು. ಒಂದು ದಿನ ಏಟು ಜೋರಾಗಿ ಬಿತ್ತು. ಮಾರನೇ ದಿನದಿಂದ ಅವನು ಬರಲಿಲ್ಲ. ಆಮೇಲೆ ಅವನನ್ನು ಕುರಿ ಹಿಂದೆ ನೋಡಿದೆ.

ನನ್ನ ಬ್ಲಾಗಿನ ಬಾಲ್ಯದ ಬರಹಗಳಲ್ಲಿ ಮಾರಮ್ಮನ ಗುಡಿ ಬಂದಿದೆ, ತೊಂಡೆ ಎಲೆ ಬಂದಿದೆ. ಈ ಹುಡುಗ ಬಂದಿಲ್ಲ. ನೆನಪಿನ ಬರಹದ ಅನುಕೂಲವೇ ಇದು: ಬೇಕಾದ್ದು ಇಟ್ಕೊಂಡು ಬೇಡದ್ದು ಬಿಟ್ಟುಬಿಡಬಹುದು. ಮಕ್ಕಳಿಗೆ ಕತೆ ಹೇಳೋಕೆ ಕೂತರೆ ಅದು ನಡೆಯಲ್ಲ. “ಆಮೇಲೆ ಅವನೇನಾದ?” ಅಂತ ಕೇಳೇ ಕೇಳ್ತಾರೆ.

ಹಾಸ್ಟೆಲ್ ಇಲ್ಲದೆ ಇಂಥ ಕತೆ ಆಗೋದಿಲ್ಲ ಅನ್ನೋರಿಗೆ ಆರ್.ಕೆ. ನಾರಾಯಣ್ 1935ರಲ್ಲೇ ಉತ್ತರ ಕೊಟ್ಟಿದ್ದಾರೆ. ‘ಸ್ವಾಮಿ ಅಂಡ್ ಫ್ರೆಂಡ್ಸ್’ನ ಸ್ವಾಮಿ ಸಂಜೆಯಾದರೆ ಮನೆಗೆ, ಅಜ್ಜಿ ಹತ್ತಿರ ಓಡೋ ಹುಡುಗ. ಕ್ರಿಕೆಟ್ ಮ್ಯಾಚಿಗೆ ಕೈಕೊಟ್ಟು ರಾಜಮ್‌ನ ಗೆಳೆತನ ಕಳಕೊಳ್ಳುತ್ತಾನೆ. ಊರು ಬಿಡುವ ರಾಜಮ್‌ಗೆ ಸ್ಟೇಷನ್ನಿನಲ್ಲಿ ಒಂದು ಪುಸ್ತಕ ಕೊಡುತ್ತಾನೆ. ರಾಜಮ್ ಕ್ಷಮಿಸಿದನೋ ಇಲ್ಲವೋ, ಸ್ವಾಮಿಗೂ ಗೊತ್ತಾಗಲ್ಲ, ನಮಗೂ ಗೊತ್ತಾಗಲ್ಲ. ಬರೆದವರು ಮೈಸೂರಿನಲ್ಲಿ ಬಾಳಿದವರು, ಭಾಷೆ ಇಂಗ್ಲಿಷ್. 1986ರಲ್ಲಿ ‘ಮಾಲ್ಗುಡಿ ಡೇಸ್’ ಟೀವಿಗೆ ತಂದದ್ದು ನಮ್ಮ ಶಂಕರ್ ನಾಗ್, ತೆಗೆದದ್ದು ನಮ್ಮ ಆಗುಂಬೆಯಲ್ಲಿ, ಸ್ವಾಮಿ ನಮ್ಮ ಮಾಸ್ಟರ್ ಮಂಜುನಾಥ್. ದೂರದರ್ಶನದಲ್ಲಿ ನಾವು ಕೇಳಿದ್ದು ಹಿಂದಿ! ಊರು ನಮ್ಮದು, ಹುಡುಗ ನಮ್ಮವನು, ಮಾತು ಮಾತ್ರ ಬೇರೆಯವರದು.

ಕನ್ನಡದ ಮಕ್ಕಳಿಗೆ ರಾಜಕುಮಾರ, ನರಿ, ಕಾಡು, ನೀತಿ ಎಲ್ಲ ಕೊಟ್ಟಿದ್ದೇವೆ. ಅವರು ದಿನಾ ಹೋಗೋ ಸ್ಕೂಲನ್ನು ಮಾತ್ರ ನಮ್ಮ ನೆನಪಿನ ಆಸ್ತಿ ಅಂತ ಇಟ್ಟುಕೊಂಡಿದ್ದೇವೆ. ಅದನ್ನು ಬಿಟ್ಟುಕೊಡೋಣ. ಮುಂದಿನ ವೀಕೆಂಡು ‘ನಮ್ಮ ಕಾಲದಲ್ಲಿ’ ಅಂತ ಶುರುಮಾಡೋ ಮೊದಲು, ಓದೋರು ಒಂಬತ್ತು ವರ್ಷದೋರು ಅಂದ್ಕೊಂಡು ಬರೆದು ನೋಡಿ. ಎಷ್ಟು ಕಷ್ಟ ಅಂತ ಗೊತ್ತಾಗುತ್ತೆ.

ನಾನು ಬರೆಯೋ ಬದಲು ಹೇಳಿ ನೋಡಿದೆ. ಪಟ್ಟಿ, ಕೊಬ್ಬರಿ, ಏಟು, ಕುರಿ, ಎಲ್ಲ. ಈ ಸಲ ಮಗಳು ನಗಲಿಲ್ಲ.

“ಆಮೇಲೆ ಸಾರಿ ಕೇಳಿದ್ಯಾ?” ಅಂದಳು.

ಇಲ್ಲ.